ಕಳುವಾದ ಮಾಲಿಗೆ ಹೊಣೆ ಯಾರು?

ಅಗರದಲ್ಲಿ ನಮ್ಮ ದೊಡ್ಡಮ್ಮನ ಮನೆಯಿದೆ. ಯಳಂದೂರು ತಾಲ್ಲೂಕಿನಲ್ಲಿ, ಮಾಂಬಳ್ಳಿಗೆ ಅಂಟಿಕೊಂಡಂತೆ ಇರುವ ಅಗರ. ಮಣ್ಣಿನ ಗೋಡೆ, ನಾಡಹೆಂಚು, ನಡುವೆ ತೊಟ್ಟಿ, ಮುಂದೆ ಜಗಲಿ. ಕೆಲವು ವರ್ಷಗಳ ಹಿಂದೆ ದೊಡ್ಡಮ್ಮ ಮೈಸೂರಿನ ಮಗಳ ಮನೆಗೆ ಹತ್ತು ದಿನಕ್ಕೆಂದು ಹೋದರು. ತಲೆಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಎಂದಿನಂತೆ ಜಗಲಿಯ ದೀಪದ ಗೂಡಿನಲ್ಲಿಟ್ಟರು. ಹಿತ್ತಲಿನ ಹಸುವಿಗೆ ಹುಲ್ಲು ಹಾಕಲು ಪಕ್ಕದ ಮನೆಯ ಹುಡುಗ ಬರಬೇಕಿತ್ತು; ಅವನಿಗೆಂದು ಇಟ್ಟ ಕೈ ಅದು. ಹಿಂದಿರುಗಿದಾಗ ಬಾಗಿಲಿಗೆ ಬೀಗ ಹಾಕಿದಂತೆಯೇ ಇತ್ತು, ಕೈ ಗೂಡಿನಲ್ಲಿಯೇ ಇತ್ತು. ಬೀರು ಮಾತ್ರ ಬರಿದಾಗಿತ್ತು. ಎರಡೆಳೆಯ ಸರ, ನಾಲ್ಕು ಬಳೆ, ರೇಷ್ಮೆಗೂಡು ಮಾರಿ ಬಂದಿದ್ದ ಹಣ ಎಲ್ಲವೂ ಹೋಗಿದ್ದವು.

ಪೊಲೀಸರು ಬಂದರು, ಮಹಜರು ಬರೆದರು, ಕನ್ನ ಕಳವು ಎಂದು ಪ್ರಕರಣ ದಾಖಲಿಸಿದರು. ಬೆಂಗಳೂರಿನಲ್ಲಿರುವ ಮಗ ಮನೆಗೆ ವಿಮೆ ಮಾಡಿಸಿದ್ದ, ಕಳವಿಗೂ ಸೇರಿಸಿ. ಹಾಗಾಗಿ ಎಲ್ಲರಿಗೂ ಸ್ವಲ್ಪ ಧೈರ್ಯವಿತ್ತು. ವಿಮಾ ಕಂಪನಿಯ ಸರ್ವೇಯರ್ ಬಂದು ಬಾಗಿಲು, ಕಿಟಕಿ, ಹೆಂಚು, ಗೋಡೆ ಎಲ್ಲವನ್ನೂ ನೋಡಿ ಫೋಟೊ ತೆಗೆದುಕೊಂಡು ಹೋದರು. ಒಂದು ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಕಾಗದ ಬಂತು. ಮನೆಯೊಳಗೆ ಬಲವಂತದಿಂದ ನುಗ್ಗಿದ ಗುರುತು ಕಂಡುಬಂದಿಲ್ಲವಾದ್ದರಿಂದ ಇದು ಪಾಲಿಸಿಯ ಪ್ರಕಾರ ಕನ್ನವಲ್ಲ, ಹಣ ಕೊಡಲಾಗುವುದಿಲ್ಲ ಎಂದು ಅದರ ಸಾರ. ಮಗ ಓದಿ ಹೇಳಿದ. ದೊಡ್ಡಮ್ಮ ಕೇಳಿಸಿಕೊಂಡು, ‘ಬೀಗ ಮುರುದ್ರ ಕಳ್ಳ, ಬೀಗದ ಕೈಲಿ ತಗುದ್ರ ಬೀಗನಾ ಹಂಗಾರ?’ ಎಂದರು.

ನಾವೆಲ್ಲ ನಕ್ಕೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಾಗಿರಲಿಲ್ಲ. ಕಳ್ಳ ಸಿಗದಿದ್ದಾಗ ನಷ್ಟ ಯಾರ ತಲೆಯ ಮೇಲೆ ಬೀಳಬೇಕು, ಯಾವ ಕರಾರಿನ ಮೇಲೆ ಬೀಳಬೇಕು ಎಂಬುದು ಬಹಳ ಹಳೆಯ ವ್ಯಾಜ್ಯ. ಅದಕ್ಕೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ದೊಡ್ಡಮ್ಮನಿಗೆ ಬಂದ ಕಾಗದ ಆ ಉತ್ತರಗಳಲ್ಲಿ ಇತ್ತೀಚಿನದು, ಅಷ್ಟೇ.

ಮೊದಲ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿಯೇ ಎನ್ನಬಹುದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ರಾಜ್ಯ ಕಟ್ಟುವ, ಗೂಢಚಾರರನ್ನು ನೇಮಿಸುವ ಪುಸ್ತಕವೆಂದು ಅದನ್ನು ಎಲ್ಲರೂ ಬಲ್ಲರು. ಕಳವಿನ ಬಗ್ಗೆ ಅದು ಹೇಳುವ ಮಾತು ಅಷ್ಟು ಪ್ರಸಿದ್ಧವಲ್ಲ. ಕಳ್ಳರು ಒಯ್ದ ಮಾಲನ್ನು ಪತ್ತೆಮಾಡಿ ಕೊಡಿಸಲು ಆಗದಿದ್ದರೆ ಅರಸ ತನ್ನ ಸ್ವಂತ ದ್ರವ್ಯದಿಂದಲೇ ಅದನ್ನು ತುಂಬಿಕೊಡಬೇಕು ಎನ್ನುತ್ತದೆ ಅದು. ಪ್ರಯಾಣದಲ್ಲಿರುವ ವ್ಯಾಪಾರಿಗಳ ಸರಕು ರಾತ್ರಿ ತಂಗಿದ ಊರಿನಲ್ಲಿ ಕಾಣೆಯಾದರೆ ಆ ಊರಿನ ಮುಖಂಡನೇ ಕೊಡಬೇಕು. ಎರಡು ಊರುಗಳ ನಡುವೆ ಕಾಣೆಯಾದರೆ ಹುಲ್ಲುಗಾವಲಿನ ಅಧಿಕಾರಿ ಕೊಡಬೇಕು. ಆ ನಿಯಮಕ್ಕೂ ಒಂದು ಕರಾರಿದೆ. ಸರಕು ಎಷ್ಟಿದೆ, ಅದರ ಬೆಲೆ ಎಷ್ಟು ಎಂದು ವ್ಯಾಪಾರಿ ಮೊದಲೇ ಊರಿನಲ್ಲಿ ತಿಳಿಸಿರಬೇಕು. ಇಂದಿನ ವಿಮೆಯ ಅರ್ಜಿಯಲ್ಲಿ ‘ನಿಮ್ಮ ಬೆಲೆಬಾಳುವ ವಸ್ತುಗಳ ವಿವರ ಕೊಡಿ’ ಎಂದು ಕೇಳುವ ಕಾಲಮ್ಮಿಗೆ ಅಜ್ಜನೇ ಅದು.

ಎರಡನೆಯ ಉತ್ತರ ಕಲ್ಯಾಣದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದ. ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಇಂಡಿಯಾದ ಕೋರ್ಟುಗಳೆಲ್ಲ ತಿರುವಿ ಹಾಕಿದ ಗ್ರಂಥ ಅದು. ಅವನು ವಿವರಿಸುವ ಸ್ಮೃತಿಯಲ್ಲಿ ಕಳವಿನ ನಿಯಮ ನೇರವಾಗಿದೆ. ಕಳುವಾದ ಮಾಲನ್ನು ಪ್ರಜೆಗೆ ಅರಸ ಕೊಡಿಸಬೇಕು, ಕೊಡದಿದ್ದರೆ ಕಳ್ಳನ ಪಾಪ ಅವನಿಗೇ ಅಂಟುತ್ತದೆ. ಊರಿನ ಎಲ್ಲೆಯೊಳಗೆ ಕಳವಾದರೆ ಊರೇ ಕೊಡಬೇಕು. ಕಳ್ಳನ ಹೆಜ್ಜೆಗುರುತು ಊರಾಚೆ ಹೋಗಿದ್ದರೆ ಅದು ಯಾವ ಊರಿಗೆ ಹೋಗಿ ಸೇರುತ್ತದೋ ಆ ಊರು ಕೊಡಬೇಕು. ಊರುಗಳ ನಡುವೆ ಗುರುತು ಸಿಗದೆ ಹೋದರೆ ಸುತ್ತಲಿನ ಐದು ಊರು, ಇಲ್ಲವೇ ಹತ್ತು ಊರು ಸೇರಿ ತುಂಬಬೇಕು.

ಇದನ್ನು ಇವತ್ತಿನ ಕಣ್ಣಿನಿಂದ ಓದಿದರೆ ಥಟ್ಟನೆ ಹೊಳೆಯುವುದು ಒಂದೇ. ಒಬ್ಬನ ನಷ್ಟವನ್ನು ಹತ್ತು ಊರಿಗೆ ಹಂಚುವುದೆಂದರೆ ಅದು ವಿಮೆಯೇ. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಹಣ ಕೊಡುವವರೇ ಕಾವಲು ಕಾಯುವವರು. ನಷ್ಟ ತಮ್ಮ ಮೇಲೆ ಬೀಳುತ್ತದೆಂದು ಗೊತ್ತಿರುವ ಊರು ರಾತ್ರಿ ಅಪರಿಚಿತನನ್ನು ಕಂಡರೆ ಸುಮ್ಮನಿರುವುದಿಲ್ಲ, ಪಕ್ಕದ ಮನೆಯಲ್ಲಿ ಕೂಗು ಕೇಳಿದರೆ ಕಂಬಳಿ ಹೊದ್ದು ಮಲಗುವುದಿಲ್ಲ. ಊರು ಲೂಟಿಯಾಗುವಾಗ, ದಾರಿಯಲ್ಲಿ ದರೋಡೆ ನಡೆಯುವಾಗ ಕೈಲಾದರೂ ಓಡಿಬಾರದವರನ್ನು ಊರು ಬಿಡಿಸಬೇಕೆಂದು ಮನುಸ್ಮೃತಿ ಹೇಳುತ್ತದೆ. ಕೂಗಿಗೆ ಬೆಲೆ ಬರುವುದು ಅದನ್ನು ಕೇಳಿದವನಿಗೆ ಓಡಿಬರುವ ಹೊಣೆ ಇದ್ದಾಗ. ಈ ಮಾತನ್ನು ನೆನಪಿಟ್ಟುಕೊಳ್ಳಿ. ವಿದ್ಯುತ್ ಗಂಟೆಯ ಕಥೆಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಶಾಸ್ತ್ರದ ಮಾತು ನೆಲದ ಮೇಲೆ ನಡೆಯುತ್ತಿತ್ತೇ ಎಂದು ಕೇಳಬಹುದು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಏಳು ಸುತ್ತಿನ ಕೋಟೆಯೊಳಗೆ ಏನೇ ಕಳೆದರೂ ಕಳುವಾದರೂ ಹುಡುಕಿಕೊಡುವುದು ಕಾವಲಿನವರ ಕೆಲಸ. ಆಗದಿದ್ದರೆ ಅವರೇ ದಂಡ ತೆರಬೇಕು. ಅವನ ಜೊತೆಗಾರನೊಬ್ಬ ಕೊಂಡಿದ್ದ ಗುಲಾಮರು ಓಡಿಹೋದರು. ದೂರು ಹೋದಾಗ ಅಧಿಕಾರಿ ಆ ಕೇರಿಯ ಕಾವಲುಗಾರರನ್ನು ಕರೆಸಿ, ಹುಡುಕಿ ತನ್ನಿ, ಇಲ್ಲವೇ ಬೆಲೆ ಕಟ್ಟಿ ಎಂದ. ಅವರು ಬೆಲೆ ಎಷ್ಟೆಂದು ಕೇಳಿಕೊಂಡು ಕಟ್ಟಿಕೊಟ್ಟರು. ರಜಾಕ್ ಇದನ್ನು ರಾಯರ ಆಡಳಿತದ ಹೆಚ್ಚುಗಾರಿಕೆಯೆಂದು ಬರೆಯುತ್ತಾನೆ. ಅವನೇ ಹೇಳುವ ಇನ್ನೊಂದು ವಿವರ ನನಗೆ ಹೆಚ್ಚು ಕಾಡುತ್ತದೆ. ಅದು ನಗರದ ಕಡುಬಡವರು ವಾಸಿಸುವ ಕೇರಿಯಾಗಿತ್ತಂತೆ. ಮನುಷ್ಯರನ್ನು ಮಾಲೆಂದು ಕೊಂಡವನ ನಷ್ಟವನ್ನು ಬಡವರ ಕೇರಿಯ ಕಾವಲುಗಾರರು ತುಂಬಿದರು. ಅರಸನ ಹೊಣೆ ಅಧಿಕಾರಿಗೆ, ಅಧಿಕಾರಿಯಿಂದ ಕಾವಲುಗಾರನಿಗೆ ಹೀಗೆ ಇಳಿದು, ಕೊನೆಗೆ ಇಳಿಸಲು ಬೇರೆ ತಲೆ ಇಲ್ಲದವನ ಮೇಲೆ ಕೂತಿತು.

ನಮ್ಮ ಹಳ್ಳಿಗಳಲ್ಲಿ ಆ ಕೊನೆಯ ತಲೆ ತಳವಾರನದು. ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗರು ಮೇಲಿದ್ದರೆ ತಳವಾರ, ತೋಟಿ, ನೀರುಗಂಟಿ ಕೆಳಗೆ. ಊರು ಕಾಯುವುದು, ಹೊಸಬರ ಮೇಲೆ ಕಣ್ಣಿಡುವುದು, ಕಳವಾದರೆ ಹೆಜ್ಜೆ ಹಿಡಿದು ಹೋಗುವುದು ತಳವಾರನ ಪಾಲಿನ ಕೆಲಸ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣದಲ್ಲಿ ರಾಶಿ ಹಂಚುವ ಕ್ರಮವನ್ನು ಸೇರು ಲೆಕ್ಕದಲ್ಲಿ ಬರೆದುಕೊಂಡಿದ್ದಾನೆ. ಸರ್ಕಾರದ ಪಾಲು, ರೈತನ ಪಾಲು ತೆಗೆಯುವ ಮೊದಲೇ ತೋಟಿ, ತಳವಾರ, ನೀರುಗಂಟಿಗಳಿಗೆ ಇಷ್ಟಿಷ್ಟು ಕಾಳು ಅಳೆಯಬೇಕು. ಪ್ರತಿ ಸುಗ್ಗಿಯಲ್ಲಿ, ಪ್ರತಿ ರಾಶಿಯಿಂದ, ಕಳವು ಆಗಲಿ ಬಿಡಲಿ, ಕೊಡಬೇಕಾದ ಕಾಳು ಅದು. ಇವತ್ತು ನಾವು ಪ್ರೀಮಿಯಂ ಎನ್ನುವುದನ್ನು ಅಂದು ಕಣದಲ್ಲಿ ಕೊಳಗದಿಂದ ಅಳೆಯುತ್ತಿದ್ದರು.

ಕಾಯುವವನು ಸತ್ತರೆ? ಅದಕ್ಕೂ ಏರ್ಪಾಡಿತ್ತು. ತುರು ಹಿಡಿಯಲು ಬಂದವರೊಡನೆ ಕಾದು ಮಡಿದ ವೀರರ ಕಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ನಿಂತಿವೆ. ಬಹಳ ಕಲ್ಲುಗಳಲ್ಲಿ ಯುದ್ಧದ ಚಿತ್ರದ ಕೆಳಗೋ ನಡುವೆಯೋ ಒಂದು ಸಾಲು ಇರುತ್ತದೆ. ಮಡಿದವನ ಮನೆಯವರಿಗೆ ಇಂತಿಷ್ಟು ಗದ್ದೆ, ಇಂತಿಷ್ಟು ಬೆದ್ದಲು ಬಿಟ್ಟರೆಂದು ಅದು ಹೇಳುತ್ತದೆ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂದು ಅದಕ್ಕೆ ಹೆಸರುಗಳು. ರೈಸ್ ಸಾಹೇಬರು ಯಳಂದೂರು, ಚಾಮರಾಜನಗರದ ಕಡೆಯ ಶಾಸನಗಳನ್ನು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದಾಗಿನಿಂದ ಇಂಥ ಕೊಡುಗೆಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ನೆತ್ತರುಗೊಡಗೆ ಎಂಬ ಮಾತಿನಲ್ಲಿ ಮುಚ್ಚುಮರೆ ಇಲ್ಲ. ರಕ್ತಕ್ಕೆ ಬದಲು ಭೂಮಿ. ಊರು ತನ್ನ ಸಾಲವನ್ನು ಕಲ್ಲಿನ ಮೇಲೆ ಒಪ್ಪಿಕೊಂಡ ರೀತಿ ಅದು.

ಈ ವ್ಯವಸ್ಥೆ ಕಳಚತೊಡಗಿದ್ದು 1799ರ ಮೇಲೆ. ನಮ್ಮ ಸೀಮೆಯಲ್ಲಿ ಅದು ಹೇಗೆ ಕಳಚಿತೆಂಬುದು ಕುತೂಹಲದ ವಿಷಯ. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರ ನವೆಂಬರ್ 1ರವರೆಗೆ, ಅಂದರೆ ನೂರೈವತ್ತು ವರ್ಷಕ್ಕೂ ಮಿಕ್ಕಿ, ಅಗರದ ಜನ ಕೊಳ್ಳೇಗಾಲದ ಸಂತೆಗೆ ಹೋಗಬೇಕಾದರೆ ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಕಾಲಿಡುತ್ತಿದ್ದರು. ಮಾತು ಒಂದೇ, ನೆಂಟಸ್ತನ ಒಂದೇ, ಸುವರ್ಣಾವತಿಯ ನೀರು ಒಂದೇ, ಪೊಲೀಸರು ಬೇರೆ. ಹೆಜ್ಜೆಗುರುತು ಹೋಗಿ ಸೇರಿದ ಊರು ನಷ್ಟ ತುಂಬಬೇಕೆಂಬ ಕಲ್ಯಾಣದ ನಿಯಮ ಇಂಥ ಗಡಿಯ ಮೇಲೆ ಬದುಕುವುದು ಕಷ್ಟ.

ಮದರಾಸು ಸೀಮೆಯ ದಕ್ಷಿಣದಲ್ಲಿ ಕಾವಲ್ ಎಂಬ ಪದ್ಧತಿ ಗಟ್ಟಿಯಾಗಿತ್ತು. ಕಾವಲ್ಕಾರರಿಗೆ ಊರವರು ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದರು, ಕಳವಾದರೆ ಅವರು ಮಾಲು ತಂದುಕೊಡಬೇಕು ಇಲ್ಲವೇ ಬೆಲೆ ಕೊಡಬೇಕು. ಕಂಪನಿಗೆ ಇದು ಹಿಡಿಸಲಿಲ್ಲ. ಕಾವಲಿನ ಹೆಸರಿನಲ್ಲಿ ಪಾಳೆಯಗಾರರು ಸುಲಿಗೆ ಮಾಡುತ್ತಾರೆ ಎಂಬುದು ಒಂದು ಆಕ್ಷೇಪ. ತನ್ನ ಹೊರತು ಬೇರೆಯವರ ಕೈಯಲ್ಲಿ ಆಯುಧವೂ ವಸೂಲಿಯೂ ಇರಕೂಡದೆಂಬುದು ಅದರ ಹಿಂದಿನ ಕಾರಣ. 1816ರ 11ನೆಯ ರೆಗ್ಯುಲೇಷನ್ ಊರಿನ ಮುಖ್ಯಸ್ಥನನ್ನೂ ತಳವಾರನನ್ನೂ ಸರ್ಕಾರಿ ಪೊಲೀಸಿನ ಬಾಲವಾಗಿ ಮಾಡಿತು. 1859ರ ಮದರಾಸು ಪೊಲೀಸ್ ಕಾಯ್ದೆಯೊಂದಿಗೆ ಸಮವಸ್ತ್ರದ ಪೊಲೀಸರು ಬಂದರು. ಇವರು ಕಳ್ಳನನ್ನು ಹಿಡಿಯುತ್ತಾರೆ, ಮಾಲು ಸಿಕ್ಕರೆ ಕೋರ್ಟಿನ ಮೂಲಕ ಹಿಂದಿರುಗಿಸುತ್ತಾರೆ. ಸಿಗದಿದ್ದರೆ? ಆ ಪ್ರಶ್ನೆಗೆ ಹೊಸ ಕಾಯ್ದೆಯಲ್ಲಿ ಉತ್ತರವೇ ಇಲ್ಲ. ಅರಸನ ಖಜಾನೆಯ ಹೊಣೆ, ಊರಿನ ಹೊಣೆ, ಕಾವಲಿನವನ ಹೊಣೆ ಮೂರೂ ಸದ್ದಿಲ್ಲದೆ ಬಿದ್ದುಹೋದವು. ಕಾವಲು ಕಳೆದುಕೊಂಡ ಕೆಲವು ಸಮುದಾಯಗಳ ಮೇಲೆ ಕಳ್ಳರೆಂಬ ಮುದ್ರೆ ಬಿತ್ತು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1871ರಲ್ಲಿ ಬಂತು, 1911ರಲ್ಲಿ ಮದರಾಸಿಗೂ ವಿಸ್ತರಿಸಿತು, 1952ರವರೆಗೆ ಉಳಿಯಿತು. ಇಡೀ ಜಾತಿಯನ್ನೇ ಹುಟ್ಟಿನಿಂದ ಅಪರಾಧಿಯೆಂದ ಆ ಕಾಯ್ದೆಯ ಗಾಯ ಇನ್ನೂ ಮಾಯ್ದಿಲ್ಲ.

ಮೈಸೂರಿನ ಕಡೆ ತಳವಾರ, ತೋಟಿಗಳ ವಂಶಪಾರಂಪರ್ಯದ ಹುದ್ದೆಗಳು ಇನ್ನೂ ಬಹಳ ಕಾಲ ಬಾಳಿದವು. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಆಗಿ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆಗಳ ಜೊತೆ ಊರು ಕಾಯುವ ಹುದ್ದೆಯೂ ಮುಗಿಯಿತು. ಜಾತಿಯ ನೊಗವಾಗಿದ್ದ ಕೆಲಸ ಹೋದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ. ಹಾಗೆ ಹೋದಾಗ ಕಾವಲಿನ ಹೊಣೆ ಮಾತ್ರ ಯಾರಿಗೂ ದಾಟಲಿಲ್ಲ.

ಇಷ್ಟರಲ್ಲಿ ಕನ್ನ ಎಂಬ ಮಾತಿನ ಅರ್ಥವೂ ಬದಲಾಗುತ್ತ ಬಂದಿತ್ತು. ಕನ್ನವೆಂದರೆ ಮೂಲದಲ್ಲಿ ಗೋಡೆಗೆ ಕೊರೆದ ತೂತು. ಇಟ್ಟಿಗೆ ಕಲ್ಲುಗಳು ಸಾಮಾನ್ಯರ ಮನೆಗೆ ಬರುವ ಮುಂಚೆ ಬಾಗಿಲಿಗಿಂತ ಮಣ್ಣಿನ ಗೋಡೆಯೇ ಸಡಿಲ. ಅಗುಳಿ ಹಾಕಿದ ಕದದ ತಂಟೆಗೆ ಹೋಗದೆ ಕಳ್ಳ ಗೋಡೆಗೆ ನೀರು ಚಿಮುಕಿಸಿ ಕೊರೆಯುತ್ತಿದ್ದ. ಶೂದ್ರಕನ ಮೃಚ್ಛಕಟಿಕದ ಶರ್ವಿಲಕ ಅರಳಿದ ತಾವರೆಯ ಹಾಗೆ ಕೊರೆಯಲೋ ತುಂಬಿದ ಕೊಡದ ಹಾಗೆ ಕೊರೆಯಲೋ ಎಂದು ಯೋಚಿಸುತ್ತ ನಿಲ್ಲುತ್ತಾನೆ. ಆ ನಾಟಕದಲ್ಲಿ ಕಳುವಾದದ್ದು ವಸಂತಸೇನೆ ನಂಬಿ ಇಟ್ಟ ಒಡವೆ. ಚಾರುದತ್ತನ ಚಿಂತೆ ಒಡವೆ ಹೋಯಿತಲ್ಲ ಎಂದಲ್ಲ, ಬಡವನ ಮಾತನ್ನು ಯಾರು ನಂಬುತ್ತಾರೆ ಎಂದು. ನಷ್ಟ ಅನುಭವಿಸಿದವನೇ ತಾನು ಸುಳ್ಳುಗಾರನಲ್ಲವೆಂದು ಸಾಬೀತು ಮಾಡಬೇಕಾದ ಸ್ಥಿತಿ. ದೊಡ್ಡಮ್ಮ ಸರ್ವೇಯರನ ಮುಂದೆ ನಿಂತಿದ್ದಾಗ ನನಗೆ ಇದೇ ನೆನಪಾಗಿತ್ತು.

1860ರ ಭಾರತೀಯ ದಂಡ ಸಂಹಿತೆ ಬರೆದವರಿಗೂ ಈ ನೆಲದ ಕನ್ನ ಗೊತ್ತಿತ್ತು. ಮನೆ ಒಡೆಯುವುದೆಂದರೇನು ಎಂದು ವಿವರಿಸುವ 445ನೆಯ ಕಲಮಿನ ಮೊದಲ ಉದಾಹರಣೆಯೇ ಗೋಡೆಗೆ ತೂತು ಕೊರೆದು ಕೈ ಹಾಕಿದವನದು. ಅದೇ ಕಲಮಿನ ಕೆಳಗೆ ಇನ್ನೊಂದು ಉದಾಹರಣೆಯಿದೆ. ಮನೆಯವನು ಕಳೆದುಕೊಂಡ ಬೀಗದ ಕೈ ಒಬ್ಬನಿಗೆ ಸಿಗುತ್ತದೆ. ಅವನು ಅದರಿಂದ ಬಾಗಿಲು ತೆರೆದು ಒಳಹೊಕ್ಕರೆ ಅದೂ ಮನೆ ಒಡೆದಂತೆಯೇ. ಅಂದರೆ ದೊಡ್ಡಮ್ಮನ ಪ್ರಶ್ನೆಗೆ ದಂಡ ಸಂಹಿತೆ ನೂರಾ ಅರವತ್ತು ವರ್ಷಗಳ ಹಿಂದೆಯೇ ಅವರ ಪರವಾಗಿ ಉತ್ತರ ಕೊಟ್ಟಿದೆ. ಪೊಲೀಸರು ಕನ್ನ ಕಳವು ಎಂದು ಬರೆದದ್ದು ಸರಿಯಾಗಿಯೇ ಇತ್ತು.

ಹಾಗಾದರೆ ವಿಮಾ ಕಂಪನಿ ಇಲ್ಲವೆಂದದ್ದು ಹೇಗೆ? ಅದಕ್ಕೆ ನಾವು ಲಂಡನ್ನಿಗೆ ಹೋಗಬೇಕು. ಬೆಂಕಿಗೆ, ಹಡಗಿಗೆ ವಿಮೆ ಹಳೆಯದು. ಕಳವಿಗೆ ವಿಮೆ ಕೊಡುವುದು ಮಾತ್ರ ಹುಚ್ಚು ಸಾಹಸವೆಂದು ಬಹುಕಾಲ ಎಲ್ಲರೂ ನಂಬಿದ್ದರು. ಬೆಂಕಿ ಸುಳ್ಳು ಹೇಳುವುದಿಲ್ಲ, ಬೂದಿ ಉಳಿಯುತ್ತದೆ. ಕಳವಾಯಿತೆಂದು ಯಾರು ಬೇಕಾದರೂ ಹೇಳಬಹುದು. 1880ರ ದಶಕದ ಕೊನೆಯಲ್ಲಿ ಲಾಯ್ಡ್ಸ್‌ನ ಕತ್ಬರ್ಟ್ ಹೀತ್ ಈ ಸಾಹಸಕ್ಕೆ ಕೈಹಾಕಿದ. ಕಂಪನಿಗಳು ತಮ್ಮನ್ನು ಕಾಪಾಡಿಕೊಳ್ಳಲು ಕಂಡುಕೊಂಡ ಉಪಾಯ ಸರಳ. ಕಳವಿಗೂ ಬೂದಿಯಂಥ ಒಂದು ಗುರುತು ಬೇಕು. ಮುರಿದ ಬೀಗ, ಒಡೆದ ಕಿಟಕಿ, ಕಿತ್ತ ಹೆಂಚು. ಬಲ ಪ್ರಯೋಗಿಸಿ ಒಳಗೆ ನುಗ್ಗಿರಬೇಕು ಅಥವಾ ಹೊರಗೆ ಹೋಗಿರಬೇಕು, ಅದರ ಗುರುತು ಕಾಣಬೇಕು ಎಂಬ ಮಾತು ಪಾಲಿಸಿಗಳಲ್ಲಿ ಸೇರಿಕೊಂಡಿತು. ತಿಜೋರಿಯನ್ನು ಅದರದೇ ಬೀಗದ ಕೈಯಿಂದ ತೆರೆದಿದ್ದರೆ ಹಣವಿಲ್ಲ. ಆ ಕೈಯನ್ನು ಹೆದರಿಸಿ, ಹೊಡೆದು ಕಿತ್ತುಕೊಂಡಿದ್ದರೆ ಮಾತ್ರ ಉಂಟು ಎಂಬ ವಾಕ್ಯವೂ ಬಂತು. ಇವೆರಡೂ ಇಂದಿಗೂ ನಮ್ಮ ಪಾಲಿಸಿಗಳಲ್ಲಿವೆ.

ಇನ್ನು ಗಂಟೆಯ ಕಥೆ. 1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಗಸ್ಟಸ್ ಪೋಪ್ ಎಂಬಾತ ಬಾಗಿಲು ತೆರೆದರೆ ತಾನಾಗಿ ಬಾರಿಸುವ ವಿದ್ಯುತ್ ಗಂಟೆಗೆ ಪೇಟೆಂಟ್ ಪಡೆದ. ಅದನ್ನು ಕೊಂಡ ಎಡ್ವಿನ್ ಹೋಮ್ಸ್ ಮನೆಮನೆಗೆ ಮಾರಿದ. ಮನೆಯಲ್ಲಿ ಗಂಟೆ ಬಾರಿಸಿದರೆ ಸಾಲದು, ಕೇಳಿದವನು ಬರಬೇಕು ಎಂಬುದು ಅವನಿಗೆ ಬೇಗನೆ ಅರ್ಥವಾಯಿತು. ಆಮೇಲೆ ಅಂಗಡಿ, ಬ್ಯಾಂಕು, ಮನೆಗಳ ತಂತಿಗಳನ್ನು ಒಂದೇ ಕೇಂದ್ರಕ್ಕೆ ಎಳೆದು, ಅಲ್ಲಿ ಸಂಬಳದ ಜನರನ್ನು ಕೂರಿಸಿದ. ಓಡಿಬರುವುದು ಅವರ ಹೊಣೆ, ಅದಕ್ಕೆ ತಿಂಗಳ ಬಾಡಿಗೆ. ಮನುಸ್ಮೃತಿ ಊರಿಗೆ ಹೊರಿಸಿದ್ದ ಹೊಣೆಯನ್ನು ಅವನು ದುಡ್ಡಿಗೆ ಮಾರಿದ. ಬೆಲೆಬಾಳುವ ವಸ್ತುಗಳಿರುವ ಮನೆ, ಅಂಗಡಿಗಳಿಗೆ ಇಂಥ ಗಂಟೆ ಕಡ್ಡಾಯವೆಂದು ವಿಮಾ ಕಂಪನಿಗಳು ಕೇಳತೊಡಗಿದವು.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಇದು ನಿತ್ಯದ ಅನುಭವ. ಮನೆಯಲ್ಲಿ ಅಲಾರಾಂ ಇದೆಯೆಂದು ಅರ್ಜಿಯಲ್ಲಿ ಬರೆದರೆ ಪ್ರೀಮಿಯಂ ಸ್ವಲ್ಪ ಇಳಿಯಬಹುದು. ಅದರ ಜೊತೆಗೆ ಮನೆ ಖಾಲಿ ಇದ್ದಾಗಲೆಲ್ಲ, ಕೆಲವು ಪಾಲಿಸಿಗಳಲ್ಲಿ ರಾತ್ರಿ ಮಲಗುವಾಗಲೂ, ಅದನ್ನು ಚಾಲೂ ಮಾಡಿರಲೇಬೇಕೆಂಬ ಕರಾರು ಬರುತ್ತದೆ. ಹಾಲು ತರಲು ಹತ್ತು ನಿಮಿಷ ಹೊರಗೆ ಹೋದಾಗ ಮರೆತರೂ ಮರೆತಂತೆಯೇ. ಅಲಾರಾಂ ಇದೆಯೆಂದು ಬರೆದು ಅದನ್ನು ಹಾಕದೆ ಹೋದವನಿಗಿಂತ ಇಲ್ಲವೆಂದು ಬರೆದವನೇ ಕೆಲವೊಮ್ಮೆ ಕ್ಷೇಮ.

ನಮ್ಮಲ್ಲಿ ವಿಮೆ ಸರ್ಕಾರಿ ನೌಕರರ ಜೀವಕ್ಕೆ ಮೊದಲು ಬಂತು. ಮೈಸೂರು ಸರ್ಕಾರ 1891ರಲ್ಲಿಯೇ ತನ್ನ ನೌಕರರಿಗಾಗಿ ಅದನ್ನು ಆರಂಭಿಸಿತ್ತು. ಹಳ್ಳಿಯ ಮನೆಗೆ ವಿಮೆಯೆಂಬುದು ಬಹಳ ಕಾಲ ಯಾರ ಯೋಚನೆಯಲ್ಲಿಯೂ ಇರಲಿಲ್ಲ. 1973ರ ಜನವರಿ 1ರಂದು 107 ಖಾಸಗಿ ವಿಮಾ ಸಂಸ್ಥೆಗಳು ರಾಷ್ಟ್ರೀಕರಣಗೊಂಡು ನಾಲ್ಕು ಸರ್ಕಾರಿ ಕಂಪನಿಗಳಾದವು, 1999ರ ಕಾಯ್ದೆಯ ನಂತರ ಮತ್ತೆ ಖಾಸಗಿಯವರು ಬಂದರು. ಮನೆ ಸಾಲದ ಜೊತೆ ಮನೆಯ ವಿಮೆಯೂ ಕಾಗದಗಳ ಕಟ್ಟಿನಲ್ಲಿ ಸೇರತೊಡಗಿತು. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಪ್ರವಾಹ, ಭೂಕಂಪ ಇವಕ್ಕೆಲ್ಲ ಅದರಲ್ಲಿ ರಕ್ಷೆಯುಂಟು. ಕಳವಿಗೆ? ಇಂಥ ಅನಾಹುತವೊಂದು ಆಗಿ, ಅದರ ಕಾರಣದಿಂದಲೇ ಏಳು ದಿನದೊಳಗೆ ಕಳವಾದರೆ ಮಾತ್ರ ಉಂಟು. ಬರಿಯ ಕಳವಿಗೆ ಬೇರೆಯೇ ವಿಮೆ ಕೊಳ್ಳಬೇಕು. ಗೃಹ ರಕ್ಷೆ ಎಂಬ ಹೆಸರು ನೋಡಿ ಒಡವೆಗೂ ರಕ್ಷೆಯಿದೆಯೆಂದು ನಂಬಿರುವವರು ಎಷ್ಟೋ ಜನ. ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದರೆ, ಕಂಪನಿಯ ಒಪ್ಪಿಗೆ ಪಡೆದಿರದ ಹೊರತು, ರಕ್ಷೆ ನಿಲ್ಲುತ್ತದೆಂಬ ಕರಾರು ಹಳೆಯ ಬೆಂಕಿ ಪಾಲಿಸಿಗಳ ಕಾಲದಿಂದಲೂ ಇದೆ. ಮಕ್ಕಳು ಬೆಂಗಳೂರು ಸೇರಿ, ವರ್ಷಕ್ಕೆರಡು ಸಲ ಮಾತ್ರ ತೆರೆಯುವ ಊರಿನ ಮನೆಗಳಿಗೆ ಇದು ದೊಡ್ಡ ಮಾತು.

ಬಲಪ್ರಯೋಗದ ಕರಾರು ಕೊನೆಗೆ ಸುಪ್ರೀಂ ಕೋರ್ಟಿಗೂ ಹೋಯಿತು. 2004ರಲ್ಲಿ ಯುನೈಟೆಡ್ ಇಂಡಿಯಾ ಕಂಪನಿಗೂ ಹರ್‌ಚಂದ್ ರಾಯ್ ಚಂದನ್ ಲಾಲ್ ಎಂಬ ವರ್ತಕ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ ಗ್ರಾಹಕ ಆಯೋಗಗಳು ವರ್ತಕರ ಪರ ನಿಂತಿದ್ದವು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ದಂಡ ಸಂಹಿತೆ ಏನನ್ನೇ ಹೇಳಲಿ, ಎರಡು ಕಡೆಯವರೂ ಸಹಿ ಹಾಕಿದ ಪಾಲಿಸಿಯಲ್ಲಿ ಕನ್ನಕ್ಕೆ ಯಾವ ಅರ್ಥ ಕೊಟ್ಟಿದೆಯೋ ಅದೇ ಅರ್ಥ. ಬಲಪ್ರಯೋಗವಿಲ್ಲದೆ ನಡೆದ ಕಳವಿಗೆ ಹಣವಿಲ್ಲ ಎಂದಿತು. ತೀರ್ಪು ಕೊಡುವಾಗ ನ್ಯಾಯಮೂರ್ತಿಗಳಿಗೂ ಇರುಸುಮುರುಸಾಗಿತ್ತು. ಜನರ ವಿಶ್ವಾಸಕ್ಕೆ ತಕ್ಕಂತೆ ಕಂಪನಿಗಳು ಈ ಕರಾರನ್ನು ಬದಲಿಸಿಕೊಳ್ಳುವುದು ಒಳ್ಳೆಯದು ಎಂಬ ಆಶಯವನ್ನೂ ಅವರು ಸೇರಿಸಿದರು. 2016ರಲ್ಲಿ ಒರಿಸ್ಸಾದ ಇನ್ನೊಂದು ವ್ಯಾಜ್ಯದಲ್ಲಿಯೂ ಅದೇ ನಿಲುವು ಉಳಿಯಿತು.

ಕಂಪನಿಯ ಕಡೆಯ ಮಾತನ್ನೂ ಕೇಳಬೇಕು. ಗುರುತಿಲ್ಲದ ಕಳವಿಗೆಲ್ಲ ಹಣ ಕೊಡುತ್ತ ಹೋದರೆ ಸುಳ್ಳು ಹೇಳುವವರ ಖರ್ಚನ್ನು ನಿಜ ಹೇಳುವವರು ಪ್ರೀಮಿಯಂ ಆಗಿ ತೆರಬೇಕಾಗುತ್ತದೆ. ಹಳೆಯ ಪದ್ಧತಿಯೂ ಇದಕ್ಕೆ ಹೊರತಾಗಿರಲಿಲ್ಲ. ಹೆಜ್ಜೆಗುರುತು ಹುಡುಕುತ್ತಿದ್ದದ್ದೂ ಗುರುತು ಬೇಕೆಂದೇ. ಆದರೆ ಅಲ್ಲಿ ಗುರುತು ಹುಡುಕುವ ಕೆಲಸ ನಷ್ಟ ತುಂಬಬೇಕಾದವನದು. ಹೆಜ್ಜೆ ಸಿಗದಿದ್ದರೆ ನಷ್ಟ ಅವನ ಮೇಲೆಯೇ. ಇಲ್ಲಿ ಗುರುತು ಸಿಗದಿದ್ದರೆ ನಷ್ಟ ಮನೆಯವಳ ಮೇಲೆ. ಇಷ್ಟು ಶತಮಾನಗಳಲ್ಲಿ ತಲೆಕೆಳಗಾದದ್ದು ಇದೊಂದೇ, ದೊಡ್ಡದು ಇದೇ. ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳನ್ನು ಒಮ್ಮೆ ನೋಡಿ: ಬೀಗ ಎಂಥದು, ಕಿಟಕಿಗೆ ಸರಳಿದೆಯೇ, ಕಾವಲುಗಾರನಿದ್ದಾನೆಯೇ, ಅಲಾರಾಂ ಇದೆಯೇ. ಊರು, ತಳವಾರ, ನಾಯಿ, ಕೂಗು ಎಲ್ಲವನ್ನೂ ಒಂಟಿ ಮನೆಯೊಳಗೆ ಮಡಚಿ ಇಟ್ಟಂತಿವೆ ಆ ಪ್ರಶ್ನೆಗಳು.

ಕಾಯುವವನೇ ಹೊಣೆಗಾರ ಎಂಬ ಹಳೆಯ ನ್ಯಾಯ ಪೂರ್ತಿ ಸತ್ತಿಲ್ಲ ಎನ್ನಲು ಒಂದು ಉದಾಹರಣೆಯೂ ಇದೆ. ಲಾಕರಿನಲ್ಲಿಟ್ಟದ್ದು ಹೋದರೆ ನಮ್ಮ ಜವಾಬ್ದಾರಿಯಲ್ಲ ಎಂದು ಬ್ಯಾಂಕುಗಳು ಬಹುಕಾಲ ಹೇಳಿಕೊಂಡು ಬಂದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪದೆ ರಿಸರ್ವ್ ಬ್ಯಾಂಕಿಗೆ ನಿಯಮ ಮಾಡಲು ಹೇಳಿತು. 2022ರ ಜನವರಿ 1ರಿಂದ ಬ್ಯಾಂಕಿನಲ್ಲಿ ಬೆಂಕಿ ಬಿದ್ದರೆ, ಕಳವು ದರೋಡೆಯಾದರೆ, ನೌಕರರೇ ವಂಚಿಸಿದರೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ. ಸಾವಿರ ರೂಪಾಯಿ ಬಾಡಿಗೆಗೆ ಒಂದು ಲಕ್ಷ. ಒಡವೆಯ ಬೆಲೆಗೆ ಹೋಲಿಸಿದರೆ ಚಿಕ್ಕದಿರಬಹುದು. ಬಾಡಿಗೆ ತೆಗೆದುಕೊಂಡು ಕಾಯುವವನು ಕೈತೊಳೆದುಕೊಳ್ಳುವಂತಿಲ್ಲ ಎಂಬ ಮಾತು ದೊಡ್ಡದು. ಕಣದಲ್ಲಿ ಕಾಳು ಅಳೆಸಿಕೊಂಡ ತಳವಾರನಿಗೆ ಅನ್ವಯಿಸಿದ ನ್ಯಾಯ ಬ್ಯಾಂಕಿಗೆ ಅನ್ವಯಿಸಲು ಇಷ್ಟು ಕಾಲ ಬೇಕಾಯಿತು.

ದೊಡ್ಡಮ್ಮನ ಮಗ ವಿಮಾ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಬಹುದಿತ್ತು, ಗ್ರಾಹಕ ಆಯೋಗಕ್ಕೂ ಹೋಗಬಹುದಿತ್ತು. 2004ರ ತೀರ್ಪು ಓದಿದ ವಕೀಲರೊಬ್ಬರು ಸುಮ್ಮನೆ ಖರ್ಚು ಎಂದರು, ಬಿಟ್ಟ. ಸರ ಸಿಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಬಾಗಿಲಿಗೆ ಹೊಸ ಬೀಗ ಬಂದಿತ್ತು, ಜಗಲಿಯ ಮೂಲೆಯಲ್ಲಿ ಕ್ಯಾಮೆರಾ ಕೆಂಪು ಕಣ್ಣು ಬಿಟ್ಟಿತ್ತು. ಯಾರಾದರೂ ಜಗಲಿಗೆ ಬಂದರೆ ಬೆಂಗಳೂರಿನಲ್ಲಿ ಮಗನ ಫೋನು ಗುಂಯ್‌ಗುಡುತ್ತದಂತೆ. ಅವನು ನೂರೈವತ್ತು ಕಿಲೋಮೀಟರ್ ದೂರದಿಂದ ನೋಡಬಲ್ಲ, ಓಡಿಬರಲಾರ.

‘ಹಂಗಾರ ಹಸುಗ ಹುಲ್ಲು ಹಾಕೋದಕ್ಕ ಕೈ ಯಾರ್ ಕೈಲಿ ಕೊಡ್ತೀರಿ ದೊಡ್ಡವ್ವ?’ ಎಂದು ಕೇಳಿದೆ.

‘ಆ ಹುಡ್ಗನ ಕೈಲೇ ಕೊಟ್ಬುಟ್ಟಿ ಕನಪ್ಪ. ಗೂಡ್ನಲ್ಲಿ ಮಡಗದಿಲ್ಲ ಈಗ’ ಎಂದರು.

ಗೂಡಿನಲ್ಲಿಟ್ಟ ಕೈಗೆ ಯಾರೂ ಹೊಣೆಯಲ್ಲ. ಹುಡುಗನ ಕೈಗೆ ಕೊಟ್ಟ ಕೈಗೆ ಒಬ್ಬ ಹೊಣೆಗಾರನಿದ್ದಾನೆ, ಅವನ ಹಿಂದೆ ಅವನ ಮನೆಯಿದೆ, ಕೇರಿಯಿದೆ. ಪಾಲಿಸಿಯ ಯಾವ ಕಾಲಮ್ಮಿನಲ್ಲೂ ಅದನ್ನು ಬರೆಯಲು ಜಾಗವಿಲ್ಲ. ದೊಡ್ಡಮ್ಮ ಮಾತ್ರ ಈಗ ನೆಮ್ಮದಿಯಿಂದ ಮೈಸೂರಿಗೆ ಹೋಗಿಬರುತ್ತಾರೆ.